ಗಿನಿಪಿಗ್ ಸಾಕುವವರ ಪ್ರಶ್ನೆಗಳು: ಹಸಿವಾದರೆ ಸಿಳ್ಳೆ ಹೊಡೆಯುತ್ತದೆ, ನೋವಾದರೆ ಸುಮ್ಮನಿರುತ್ತದೆ

ಹೋದ ಸಂಚಿಕೆಯಲ್ಲಿ ಸಣ್ಣ ಸಾಕುಪ್ರಾಣಿಗಳ ಬಗ್ಗೆ ಏನಿದ್ದರೂ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಿನಿಪಿಗ್ ಬಗ್ಗೆಯೇ ಇದ್ದವು. ನನ್ನ ಮನೆಯಲ್ಲಿ ಒಂಬತ್ತು ವರ್ಷದಿಂದ ಅವು ಇವೆ, ಹಾಗಾಗಿ ಓದುತ್ತಾ ಓದುತ್ತಾ ಖುಷಿಯಾಯಿತು, ಕೆಲವು ಕಡೆ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಈ ಸಲದ ಅಂಕಣ ಪೂರ್ತಿ ಅವುಗಳಿಗೇ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಗೆಳತಿಯ ಮನೆಯಲ್ಲಿ ಗಿನಿಪಿಗ್ ನೋಡಿ ಬಂದಾಗಿನಿಂದ ಅದೇ ಜಪ. ಅದು ಇಲಿಯೋ ಹಂದಿಯೋ ಅಂತಲೂ ನನಗೆ ಗೊತ್ತಿಲ್ಲ. ನಾಯಿ, ಬೆಕ್ಕು ಬಿಟ್ಟು ಅದನ್ನೇ ಸಾಕುವುದರಲ್ಲಿ ಅಂಥದ್ದೇನಿದೆ ಮೇಡಂ?

ಉತ್ತರ: ಹಂದಿಯಂತೂ ಅಲ್ಲ. ಇಲಿ, ಅಳಿಲು ಎಲ್ಲ ಇರುವ ದಂಶಕಗಳ ಗುಂಪಿಗೆ ಸೇರಿದ್ದು. ಹತ್ತಿರದ ನೆಂಟರಲ್ಲಿ ಒಂದು ದಕ್ಷಿಣ ಅಮೆರಿಕದ ಕ್ಯಾಪಿಬರಾ, ಅದು ದೊಡ್ಡ ನಾಯಿಯಷ್ಟು ದಪ್ಪ ಬೆಳೆಯುತ್ತದೆ. ಹೆಸರಿನಲ್ಲಿ ಗಿನಿ ಇದ್ದರೂ ಆಫ್ರಿಕಾದ ಗಿನಿ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದರ ಮೂಲ ಆಂಡಿಸ್ ಬೆಟ್ಟಗಳು. ಈಗಿನ ಪೆರು, ಬೊಲಿವಿಯಾ ಇರುವ ಕಡೆ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕಲು ಶುರು ಮಾಡಿದರು. ಅಲ್ಲಿ ಇವತ್ತಿಗೂ ತಿನ್ನುತ್ತಾರೆ, ಕುಯ್ ಅಂತ ಕರೆಯುತ್ತಾರೆ. ಒಮ್ಮೆ ಅದರ ಕೂಗು ಕೇಳಿದರೆ ಆ ಹೆಸರು ಎಷ್ಟು ಸರಿ ಅಂತ ನಿಮಗೇ ಅನಿಸುತ್ತದೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ಯುರೋಪಿಗೆ ತಂದರು. ಅಲ್ಲಿ ಅದು ಅಡುಗೆಮನೆಗೆ ಹೋಗುವ ಬದಲು ಮಕ್ಕಳ ಮಡಿಲು ಸೇರಿತು. 1580ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬರೆದ ಒಂದು ವರ್ಣಚಿತ್ರದಲ್ಲಿ ಮೂವರು ಮಕ್ಕಳು ನಿಂತಿದ್ದಾರೆ, ಒಬ್ಬ ಹುಡುಗಿಯ ಕೈಯಲ್ಲಿ ಗಿನಿಪಿಗ್ ಇದೆ. ಅಂದರೆ ನಿಮ್ಮ ಮಗಳ ಆಸೆ ಇವತ್ತಿನದೇನಲ್ಲ.

ಅದರಲ್ಲಿ ಏನಿದೆ ಅಂತ ಕೇಳಿದ್ದೀರಿ. ಕೈಗೆ ತೆಗೆದುಕೊಂಡರೆ ಒಂದು ಕಿಲೋ ಆಸುಪಾಸಿನ ಬೆಚ್ಚಗಿನ ಉಂಡೆ. ಬಾಲವಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಕಚ್ಚುವುದು ತೀರಾ ಅಪರೂಪ. ಹ್ಯಾಮ್‌ಸ್ಟರ್ ಥರ ಹಗಲೆಲ್ಲ ಮಲಗಿ ರಾತ್ರಿ ಎದ್ದು ಓಡಾಡುವುದಿಲ್ಲ, ಸಣ್ಣ ಸಣ್ಣ ನಿದ್ದೆ ಮಾಡಿಕೊಂಡು ಹಗಲಲ್ಲೂ ಎಚ್ಚರ ಇರುತ್ತದೆ. ಮನೆಯವರ ಹೆಜ್ಜೆ ಸದ್ದನ್ನು ಗುರುತಿಸುತ್ತದೆ. ಮತ್ತೆ ಮಾತು, ಅಬ್ಬಾ, ಎಷ್ಟು ಮಾತು ಅಂದರೆ ಅದಕ್ಕೆ ಕೆಳಗೆ ಬೇರೆ ಪ್ರಶ್ನೆಯೇ ಇದೆ.

ಆದರೆ ತರುವ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ನಾಯಿ, ಬೆಕ್ಕು ಬೇಟೆಯಾಡುವ ಜಾತಿಯವು. ಗಿನಿಪಿಗ್ ಬೇಟೆಯಾಗುವ ಜಾತಿಯದು. ಅದಕ್ಕೆ ಹೋರಾಡುವ ಉಗುರಿಲ್ಲ, ಮರ ಹತ್ತಲು ಬರುವುದಿಲ್ಲ, ಮಣ್ಣು ತೋಡಿ ಬಿಲ ಮಾಡಿಕೊಳ್ಳುವುದೂ ಇಲ್ಲ. ಇರುವುದು ಚುರುಕು ಕಿವಿ, ಓಡುವ ಕಾಲು, ಜೊತೆಗಿರುವ ಬಳಗ, ಇಷ್ಟೇ. ಅದಕ್ಕೇ ಮೇಲಿಂದ ಕೈ ಬಂದರೆ ಹದ್ದೇ ಬಂದಂತೆ ಬೆಚ್ಚಿಬೀಳುತ್ತದೆ. ಇದು "ನನ್ನ ಮೇಲೆ ಪ್ರೀತಿ ಇಲ್ಲ" ಅಂತಲ್ಲ. ಮಗಳಿಗೆ ಹೇಳಿ, ಮೊದಲ ಎರಡು ವಾರ ಎತ್ತಿಕೊಳ್ಳಬೇಡ, ಪಂಜರದ ಪಕ್ಕ ನೆಲದ ಮೇಲೆ ಕೂತು ಸುಮ್ನೆ ಪುಸ್ತಕ ಓದು, ಕೈಯಲ್ಲಿ ಒಂದು ಎಲೆ ಹಿಡಿದಿರು. ಅದಾಗಿಯೇ ಬಂದು ಎಲೆ ಎಳೆದುಕೊಂಡು ಓಡುವ ದಿನ ಬರುತ್ತದೆ. ಆಮೇಲೆ ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ನೆಲದ ಮೇಲೆ ಕೂತೇ ಎತ್ತಿಕೊಳ್ಳಬೇಕು, ಯಾಕೆಂದರೆ ಕೈಯಿಂದ ಜಾರಿ ಬಿದ್ದರೆ ಹಲ್ಲು, ಕಾಲು, ಬೆನ್ನು ಯಾವುದಾದರೂ ಮುರಿಯಬಹುದು.

ಇನ್ನೊಂದು ಲೆಕ್ಕ. ಇದು ಐದರಿಂದ ಏಳು ವರ್ಷ ಬದುಕುತ್ತದೆ, ಕೆಲವು ಎಂಟೂ ದಾಟುತ್ತವೆ. ನಿಮ್ಮ ಮಗಳು ಕಾಲೇಜಿಗೆ ಹೋಗುವಾಗಲೂ ಅದು ಮನೆಯಲ್ಲಿ ಇರುತ್ತದೆ. ಹಾಗಾಗಿ ಸಾಕುವವರು ನೀವು, ಮಗಳು ಜೊತೆಗಿರುವವಳು ಅಂತ ಮೊದಲೇ ಮಾತಾಡಿಕೊಳ್ಳಿ. ನಿಮಗೆ ಒಪ್ಪಿಗೆಯಾದರೆ ಮಾತ್ರ ತನ್ನಿ.

ಪ್ರಶ್ನೆ: ಒಂದು ಗಂಡು ಗಿನಿಪಿಗ್ ತಂದಿದ್ದೇನೆ. ಅಂಗಡಿಯವರು ಒಂದೇ ಸಾಕು, ಆಗ ನಿಮಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಅಂದರು. ಆದರೆ ದಿನವೆಲ್ಲ ಮೂಲೆಯಲ್ಲಿ ಕೂತಿರುತ್ತದೆ. ಜೊತೆಗೆ ಒಂದು ಮೊಲ ತಂದು ಬಿಡಲೇ?

ಉತ್ತರ: ಮೊಲ ಬೇಡವೇ ಬೇಡ. ಎರಡೂ ಒಂದೇ ಥರ ಕಂಡರೂ ಭಾಷೆ ಬೇರೆ. ಮೊಲದ ಹಿಂಗಾಲಿನ ಒಂದು ಒದೆತ ಸಾಕು, ಗಿನಿಪಿಗ್‌ನ ಮೂಳೆ ಮುರಿಯುತ್ತದೆ. ಇದಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣದ್ದು. ಬಾರ್ಡಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಮೊಲದ ಮೂಗಿನಲ್ಲಿ ಯಾವ ತೊಂದರೆಯೂ ಕೊಡದೆ ಇರಬಹುದು. ಅದೇ ಗಿನಿಪಿಗ್‌ಗೆ ಹತ್ತಿದರೆ ನ್ಯುಮೋನಿಯಾ ಆಗಿ ಸಾಯಬಹುದು.

ಅದಕ್ಕೆ ಬೇಕಾದದ್ದು ಇನ್ನೊಂದು ಗಿನಿಪಿಗ್. ಒಂಟಿಯಾಗಿದ್ದರೆ ಕಾವಲು ಕಾಯುವ ಇನ್ನೊಂದು ಜೊತೆ ಕಿವಿಯೇ ಇಲ್ಲ ಅಂತಾಯಿತಲ್ವಾ, ಪಾಪ, ಇಪ್ಪತ್ತನಾಲ್ಕು ಗಂಟೆಯೂ ತಾನೇ ಎಚ್ಚರ ಇರಬೇಕು. ಸ್ವಿಟ್ಜರ್ಲೆಂಡ್ ದೇಶದಲ್ಲಿ 2008ರ ಪ್ರಾಣಿರಕ್ಷಣೆ ನಿಯಮದ ಪ್ರಕಾರ ಗಿನಿಪಿಗ್ ಅನ್ನು ಒಂಟಿಯಾಗಿ ಸಾಕುವಂತಿಲ್ಲ. ಆ ನಿಯಮ ನನಗೆ ತುಂಬ ಸರಿ ಅನಿಸುತ್ತದೆ. ನೀವು ಎಷ್ಟೇ ಮುದ್ದು ಮಾಡಿದರೂ ರಾತ್ರಿ ಎರಡು ಗಂಟೆಗೆ ಅದರ ಜೊತೆ ಹುಲ್ಲಿನಲ್ಲಿ ಕೂತಿರಲು ನಿಮ್ಮಿಂದ ಆಗುವುದಿಲ್ಲ.

ನಿಮ್ಮದು ಗಂಡು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹೆಣ್ಣಿನ ಜೊತೆ ಬಿಡಬಹುದು, ಆದರೆ ಚಿಕಿತ್ಸೆಯಾದ ಮೇಲೂ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಅದಕ್ಕೆ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಇಲ್ಲವಾದರೆ ಇನ್ನೊಂದು ಎಳೆಯ ಗಂಡುಮರಿ. ಎರಡು ಗಂಡು ಚೆನ್ನಾಗಿಯೇ ಬಾಳುತ್ತವೆ, ಜಾಗ ಧಾರಾಳವಾಗಿರಬೇಕು, ಹತ್ತಿರದಲ್ಲಿ ಹೆಣ್ಣಿನ ವಾಸನೆ ಇರಬಾರದು. ಮೂರು ಗಂಡು ಒಟ್ಟಿಗೆ ಇಟ್ಟರೆ ಜಗಳ ಗ್ಯಾರಂಟಿ. ಹೊಸದನ್ನು ತಂದ ಕೂಡಲೇ ಹಳೆಯದರ ಪಂಜರಕ್ಕೆ ಹಾಕಬೇಡಿ. ಎರಡು ಮೂರು ವಾರ ಬೇರೆ ಇಟ್ಟು ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಎರಡಕ್ಕೂ ಹೊಸದಾದ ಒಂದು ಜಾಗದಲ್ಲಿ, ನಡುವೆ ಹುಲ್ಲಿನ ದೊಡ್ಡ ರಾಶಿ ಹಾಕಿ ಬಿಡಿ. ಒಂದರ ಹಿಂದೆ ಒಂದು ಓಡುತ್ತವೆ, ಮೇಲೆ ಹತ್ತುತ್ತವೆ, ಮೂತಿ ಎತ್ತಿ ಯಾರದು ಎತ್ತರ ಅಂತ ನೋಡುತ್ತವೆ. ಇದೆಲ್ಲ ಯಜಮಾನ ಯಾರು ಅಂತ ತೀರ್ಮಾನ ಮಾಡುವ ಕ್ರಮ, ನಡುವೆ ಕೈ ಹಾಕಬೇಡಿ. ರಕ್ತ ಬಂದರೆ ಅಥವಾ ಎರಡೂ ಉಂಡೆಯಾಗಿ ಕಚ್ಚಾಡಿದರೆ ಮಾತ್ರ ಬೇರೆ ಮಾಡಿ. ಆಗಲೂ ಬರಿಗೈ ಬೇಡ, ಟವೆಲ್ ಹಾಕಿ ಬಿಡಿಸಿ.

ಪ್ರಶ್ನೆ: ನಮ್ಮ ಎರಡು ಹೆಣ್ಣು ಗಿನಿಪಿಗ್‌ಗಳು ದಿನವಿಡೀ ಏನೇನೋ ಸದ್ದು ಮಾಡುತ್ತವೆ. ಕೆಲವು ಸಲ ಮೋಟಾರು ಓಡಿದ ಹಾಗೆ, ಕೆಲವು ಸಲ ಹಲ್ಲು ಕಟಕಟ. ಮೊನ್ನೆ ರಾತ್ರಿ ಒಂದು ಹಕ್ಕಿಯ ಥರ ಕೂಗುತ್ತಿತ್ತು, ನಿಜಕ್ಕೂ ಹೆದರಿಕೆಯಾಯಿತು. ಇದಕ್ಕೆಲ್ಲ ಅರ್ಥ ಇದೆಯೇ ಅಕ್ಕಾ?

ಉತ್ತರ: ಇದೆ ತಂಗಿ, ಇದು ನನಗೆ ಬಹಳ ಇಷ್ಟದ ಪ್ರಶ್ನೆ.

ಎಲ್ಲರಿಗೂ ಮೊದಲು ಗೊತ್ತಾಗುವುದು ಆ ಜೋರು ಸಿಳ್ಳೆ. ವೀಕ್, ವೀಕ್, ವೀಕ್ ಅಂತ ಸ್ವರ ಮೇಲಕ್ಕೇರುತ್ತಾ ಹೋಗುತ್ತದೆ. ನಮ್ಮ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆದರೆ ಏನೂ ಇಲ್ಲ. ಆದರೆ ಒಳಗಿನ ತರಕಾರಿ ಡಬ್ಬಿ ಎಳೆದು ಸೊಪ್ಪು ಸುತ್ತಿಟ್ಟ ಕವರ್ ಒಂದು ಚೂರು ಸರಸರ ಅಂದರೆ ಸಾಕು, ಎರಡು ಕೋಣೆಯಾಚೆಯಿಂದ ಸಿಳ್ಳೆ. ಬ್ರೆಡ್ಡಿನ ಕವರ್ ಸರಸರ ಅಂದರೆ ಇಲ್ಲ, ಸೊಪ್ಪಿನದಕ್ಕೆ ಮಾತ್ರ. ಎರಡರ ವ್ಯತ್ಯಾಸ ನನ್ನ ಕಿವಿಗೆ ಇವತ್ತಿಗೂ ತಿಳಿಯುವುದಿಲ್ಲ, ಅವಕ್ಕೆ ತಿಳಿಯುತ್ತದೆ. ಇದರಲ್ಲಿ ಒಂದು ಸೊಗಸಿದೆ. ತಮ್ಮ ತಮ್ಮಲ್ಲಿ ಮಾತಾಡುವಾಗ ಅವು ಈ ಸಿಳ್ಳೆಯನ್ನು ಅಷ್ಟಾಗಿ ಬಳಸುವುದಿಲ್ಲ. ಊಟ ತರುವ ಮನುಷ್ಯರನ್ನು ಕರೆಯಲಿಕ್ಕೇ ಹೆಚ್ಚಾಗಿ ಇಟ್ಟುಕೊಂಡಿವೆ. ಅಂದರೆ ಅದು ನಿಮ್ಮನ್ನೇ ಕರೆಯುತ್ತಿದೆ.

ಮೋಟಾರಿನ ಸದ್ದು ಎರಡು ಥರ. ನೀವು ಸವರುವಾಗ ಮೈ ಸಡಿಲ ಬಿಟ್ಟು, ಕಾಲು ಚಾಚಿ ಮೆತ್ತಗೆ ಗುರ್ ಅಂದರೆ ಹಾಯಾಗಿದೆ ಅಂತ. ಅದೇ ಸದ್ದು ಗಟ್ಟಿಯಾಗಿ, ಹಿಂಭಾಗವನ್ನು ಎಡಕ್ಕೆ ಬಲಕ್ಕೆ ತೂಗಾಡಿಸುತ್ತಾ ನಿಧಾನ ನಡೆದರೆ ಅದು ಓಲೈಕೆ ಅಥವಾ ಯಜಮಾನಿಕೆ. ಹೆಣ್ಣುಗಳೂ ಬೆದೆಗೆ ಬಂದಾಗ ಹೀಗೆ ಮಾಡುತ್ತವೆ, ಸುಮಾರು ಎರಡು ವಾರಕ್ಕೊಮ್ಮೆ. ಇನ್ನು ಎಲ್ಲೋ ಸ್ಪರ್ಶ ಹಿಡಿಸದೆ ಮೈ ಬಿಗಿ ಮಾಡಿಕೊಂಡು ಚಿಕ್ಕದಾಗಿ ಗುರ್ ಅಂದರೆ "ಸಾಕು" ಅಂತ ಅರ್ಥ. ಕಿವಿಯಿಂದ ಅಷ್ಟೇ ಅಲ್ಲ, ಕೈಯಿಂದಲೂ ಕೇಳಬೇಕು. ಅಂಗೈ ಕೆಳಗೆ ಮೈ ಸಡಿಲ ಇದೆಯೋ ಕಲ್ಲಿನಂತಾಗಿದೆಯೋ ನೋಡಿ.

ಹಲ್ಲು ಕಟಕಟ ಸಿಟ್ಟು. ಆ ಹೊತ್ತಿಗೆ ಕೈ ಹಾಕಬೇಡಿ. ಹುಲ್ಲಿನಲ್ಲಿ ಓಡಾಡುತ್ತಾ ಕುಕ್ ಕುಕ್ ಕುಕ್ ಅಂತ ಗೊಣಗುವುದು ಮನೆಯವರು ಕೆಲಸ ಮಾಡುತ್ತಾ ಮಾತಾಡಿಕೊಂಡಂತೆ, ನಾನಿಲ್ಲಿದ್ದೇನೆ, ನೀನೆಲ್ಲಿ ಅನ್ನುವ ಹಾಗೆ.

ಆ ಹಕ್ಕಿ ಕೂಗು ನಿಜವಾಗಿಯೂ ವಿಚಿತ್ರ. ಎಷ್ಟೋ ವರ್ಷ ಸಾಕಿದವರೂ ಕೇಳಿರುವುದಿಲ್ಲ. ಹೆಚ್ಚಾಗಿ ರಾತ್ರಿಯಲ್ಲಿ, ಒಂದು ಮಾತ್ರ ಮೈ ಮರೆತಂತೆ ನಿಂತು ಕೂಗುತ್ತದೆ, ಉಳಿದವು ಅಲುಗಾಡದೆ ನಿಂತಿರುತ್ತವೆ. ಯಾಕೆ ಕೂಗುತ್ತದೆ ಅಂತ ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ. ಒಂಬತ್ತು ವರ್ಷದಲ್ಲಿ ನಾನು ಎರಡೇ ಸಲ ಕೇಳಿದ್ದೇನೆ. ದೀಪ ಹಾಕದೆ, ಮೆಲ್ಲಗೆ ಮಾತಾಡಿಸಿ, ಸುತ್ತಮುತ್ತ ಹೆದರಿಸುವಂಥದ್ದು ಏನೂ ಇಲ್ಲ ಅಂತ ನೋಡಿಕೊಂಡು ಮಲಗಿ.

ಪ್ರಶ್ನೆ: ನಾನು ಆರನೇ ತರಗತಿ. ನನ್ನ ಗಿನಿಪಿಗ್ ಮರಿ ಸುಮ್ನೆ ನಿಂತಿದ್ದು ತಟ್ಟನೆ ಮೇಲಕ್ಕೆ ಹಾರುತ್ತೆ. ಗಾಳಿಯಲ್ಲೇ ತಿರುಗುತ್ತೆ. ಫಿಟ್ಸ್ ಇರಬಹುದು ಅಂತ ಅಜ್ಜಿ ಹೇಳುತ್ತಾರೆ.

ಉತ್ತರ: ಪುಟ್ಟಾ, ಅದು ಸಂತೋಷ! ಕಾಳು ಬಾಣಲೆಯಲ್ಲಿ ಸಿಡಿದ ಹಾಗೆ ಹಾರುತ್ತದಲ್ವಾ, ಅದಕ್ಕೇ ಪಾಪ್‌ಕಾರ್ನಿಂಗ್ ಅಂತಲೇ ಕರೆಯುತ್ತಾರೆ. ಮರಿಗಳು ಜಾಸ್ತಿ ಮಾಡುತ್ತವೆ. ಅಜ್ಜಿಯ ಎಚ್ಚರಿಕೆಯೂ ಒಳ್ಳೆಯದೇ. ಹಾರಿದ ಮೇಲೆ ಓಡಾಡಿಕೊಂಡು ಹುಲ್ಲು ತಿಂದರೆ ಏನೂ ತೊಂದರೆ ಇಲ್ಲ. ಮೈಯೆಲ್ಲ ಕೆರೆದುಕೊಂಡು, ಕೂದಲು ಉದುರಿ, ಬಿದ್ದು ಒದ್ದಾಡಿದರೆ ಮಾತ್ರ ಅದು ಚರ್ಮದೊಳಗೆ ಸೇರುವ ನುಸಿಯ ಕಾಟ ಇರಬಹುದು. ಆ ತುರಿಕೆ ಎಷ್ಟು ಭಯಂಕರ ಅಂದರೆ ನಿಜಕ್ಕೂ ಫಿಟ್ಸ್ ಬರುತ್ತದೆ. ಹಾಗಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ: ಹೇಳಲು ಮುಜುಗರ. ಅದು ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿದೆ. ಹೇಗೆ ಬಿಡಿಸುವುದು?

ಉತ್ತರ: ಬಿಡಿಸಬೇಡಿ. ಅದು ತಿನ್ನುವುದು ಒಣ ಹಿಕ್ಕೆಯಲ್ಲ. ಹೊಟ್ಟೆಯಲ್ಲಿ ಹುಲ್ಲು ಹುದುಗಿ ತಯಾರಾದ ಬೇರೆಯೇ ಥರದ ಮೆತ್ತನೆಯ ಉಂಡೆ, ಅದರಲ್ಲಿ ಬಿ ಗುಂಪಿನ ವಿಟಮಿನ್ ಮತ್ತು ಪ್ರೋಟೀನ್ ಇರುತ್ತದೆ. ಹಸು ಮೆಲುಕು ಹಾಕುತ್ತದಲ್ಲ, ಇದು ಗಿನಿಪಿಗ್‌ನ ಮೆಲುಕು.

ಪ್ರಶ್ನೆ: ಅಂಗಡಿಯ ಕಾಳು ಮಿಶ್ರಣ ಮತ್ತು ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಆಹಾರ) ಹೊಟ್ಟೆ ತುಂಬಾ ಹಾಕುತ್ತೇವೆ. ಆದರೂ ಎರಡು ವಾರದಿಂದ ಕುಂಟುತ್ತಿದೆ, ಮುಟ್ಟಿದರೆ ಕಿರುಚುತ್ತದೆ, ಕೂದಲು ಒರಟಾಗಿದೆ. ಎಲ್ಲೂ ಬಿದ್ದಿಲ್ಲ.

ಉತ್ತರ: ಪತ್ರ ನಿಮ್ಮ ಕೈ ಸೇರುವವರೆಗೆ ಕಾಯದೆ ಈಗಾಗಲೇ ಪಶುವೈದ್ಯರಿಗೆ ತೋರಿಸಿದ್ದೀರಿ ಅಂತ ಆಶಿಸುತ್ತೇನೆ. ಇಲ್ಲವಾದರೆ ಇವತ್ತೇ ಹೋಗಿ. ನೀವು ಬರೆದದ್ದು ಓದಿದರೆ ಸ್ಕರ್ವಿ ಇರಬಹುದು ಅನಿಸುತ್ತದೆ, ಅಂದರೆ ವಿಟಮಿನ್ ಸಿ ಕೊರತೆ. ಕೀಲುಗಳಲ್ಲಿ ರಕ್ತ ಒಸರುತ್ತದೆ, ಅದಕ್ಕೇ ಕುಂಟುವುದು, ಅದಕ್ಕೇ ಮುಟ್ಟಿದರೆ ನೋವು.

ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ನಾಯಿಗೆ ಬೇಡ, ಬೆಕ್ಕಿಗೆ ಬೇಡ, ಇಲಿಗೂ ಬೇಡ. ಗಿನಿಪಿಗ್‌ಗೆ ಮತ್ತು ನಮಗೆ ಆ ತಯಾರಿಯ ಕೊನೆಯ ಹಂತದ ಕಿಣ್ವ ಇಲ್ಲ. ಮಂಗಗಳಲ್ಲಿ, ಬಾವಲಿಗಳಲ್ಲಿ ಹಲವು ನಮ್ಮ ಜೊತೆ ಇವೆ. ಈ ಸಂಗತಿ ಗೊತ್ತಾದದ್ದೂ ಒಂದು ಕಥೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಶ್ ಎಂಬ ಇಬ್ಬರು ನಾವಿಕರ ಬೆರಿಬೆರಿ ಕಾಯಿಲೆಯನ್ನು ಹುಡುಕುತ್ತಾ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. ಸೊಪ್ಪು ತರಕಾರಿ ಕೊಟ್ಟಾಗ ವಾಸಿಯಾಯಿತು. ಸಾವಿರಾರು ನಾವಿಕರನ್ನು ಕೊಂದ ಕಾಯಿಲೆಯನ್ನು ಪರೀಕ್ಷಿಸಲು ಕೊನೆಗೂ ಒಂದು ಪ್ರಾಣಿ ಸಿಕ್ಕಿತು. ಅದೇ ದಾರಿಯಲ್ಲಿ ಮುಂದೆ ವಿಟಮಿನ್ ಸಿ ಯಾವುದು ಅಂತ ಗುರುತಿಸಲಾಯಿತು, ಆ ಕೆಲಸಕ್ಕಾಗಿ ಆಲ್ಬರ್ಟ್ ಸೆಂಟ್-ಜಾರ್ಜಿ ಅವರಿಗೆ 1937ರಲ್ಲಿ ನೊಬೆಲ್ ಬಂತು. ನಮ್ಮ ವಸಡು ಗಟ್ಟಿಯಾಗಿರುವುದರಲ್ಲಿ ಈ ಪುಟ್ಟ ಪ್ರಾಣಿಗಳ ಋಣ ಇದೆ. ಇದನ್ನು ನೆನೆದಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಬರೀ ಕಾಳು ತಿಂದ ಗಿನಿಪಿಗ್‌ಗೆ ಏನಾಗುತ್ತದೆ ಅಂತ ನೂರು ವರ್ಷದ ಹಿಂದೆಯೇ ಗೊತ್ತಾಗಿದೆ, ಆದರೂ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದೇ ನಡೆಯುತ್ತಿದೆ.

ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಬಸುರಿಗೆ ಮತ್ತು ಕಾಯಿಲೆಯಲ್ಲಿ ಇನ್ನೂ ಜಾಸ್ತಿ. ಕೆಂಪು ಕ್ಯಾಪ್ಸಿಕಂ ಇದಕ್ಕೆ ಬಹಳ ಒಳ್ಳೆಯದು, ದಿನಕ್ಕೆ ಒಂದು ಅಗಲ ಹೋಳು ಕೊಡಿ. ಪೆಲೆಟ್ ಚೀಲದ ಮೇಲೆ ವಿಟಮಿನ್ ಸಿ ಸೇರಿಸಿದೆ ಅಂತ ಬರೆದಿದ್ದರೂ ನಂಬಿ ಕೂರಬೇಡಿ, ತಯಾರಾಗಿ ಮೂರು ತಿಂಗಳಾಗುವ ಹೊತ್ತಿಗೆ ಅದರಲ್ಲಿ ಬಹಳಷ್ಟು ಹಾಳಾಗಿರುತ್ತದೆ. ನೀರಿನ ಬಾಟಲಿಗೆ ವಿಟಮಿನ್ ಸಿ ಹನಿ ಹಾಕುವುದೂ ವ್ಯರ್ಥ, ಬೆಳಕು ತಾಗಿ ಬೇಗ ಕೆಡುತ್ತದೆ, ರುಚಿ ಬದಲಾಗಿ ಅವು ನೀರನ್ನೇ ಕಡಿಮೆ ಕುಡಿಯುತ್ತವೆ.

ಇನ್ನು ಮುಖ್ಯ ಊಟ ಒಣಹುಲ್ಲು. ದಿನದ ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅದೇ ಇರಬೇಕು, ಇಪ್ಪತ್ತನಾಲ್ಕು ಗಂಟೆಯೂ ಮುಂದೆ ಇರಬೇಕು. ಅದರ ಇಪ್ಪತ್ತು ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ, ಮುಂದಿನ ಬಾಚಿಹಲ್ಲು ಮಾತ್ರವಲ್ಲ, ಹಿಂದಿನ ದವಡೆ ಹಲ್ಲೂ. ಒರಟು ಹುಲ್ಲನ್ನು ಪಕ್ಕಕ್ಕೆ ಅಗಿದು ಅಗಿದು ಅವು ಸವೆಯಬೇಕು. ಕಾಳು, ಪೆಲೆಟ್ ಎರಡೇ ಕಚ್ಚಿಗೆ ಪುಡಿಯಾಗುತ್ತದೆ, ಹಲ್ಲು ಸವೆಯುವುದಿಲ್ಲ. ಹಾಗಾಗಿ ಕಾಳು ಮಿಶ್ರಣ ಪೂರ್ತಿ ನಿಲ್ಲಿಸಿ, ಪೆಲೆಟ್ ದಿನಕ್ಕೆ ಒಂದೆರಡು ಚಮಚ ಸಾಕು. ತಿಮೋತಿ ಥರದ ಹುಲ್ಲು ಸರಿ. ಅಲ್ಫಾಲ್ಫಾ ಅನ್ನುವ ಮೇವಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ದೊಡ್ಡವಕ್ಕೆ ಅದನ್ನೇ ಹಾಕುತ್ತಿದ್ದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು, ಅದು ಮರಿಗಳಿಗೆ, ಬಸುರಿಗೆ ಮಾತ್ರ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟು, ಹಾಲಿನ ಪದಾರ್ಥ ಬೇಡ. ಹಣ್ಣು ವಾರಕ್ಕೊಮ್ಮೆ ಒಂದು ತುಣುಕು. ಊಟವನ್ನು ಒಂದೇ ದಿನದಲ್ಲಿ ಬದಲಿಸಬೇಡಿ, ಒಂದೆರಡು ವಾರದಲ್ಲಿ ನಿಧಾನವಾಗಿ ಬದಲಿಸಿ.

ಪ್ರಶ್ನೆ: ವ್ಯಾಯಾಮಕ್ಕೆ ಚಕ್ರ ತಂದರೆ ಒಳ್ಳೆಯದಾ?

ಉತ್ತರ: ಬೇಡ, ಅದರ ಬೆನ್ನುಮೂಳೆ ಆ ಥರ ಬಾಗುವುದಲ್ಲ, ಪೆಟ್ಟಾಗುತ್ತದೆ. ಪ್ಲಾಸ್ಟಿಕ್ ಚೆಂಡಿನೊಳಗೆ ಹಾಕಿ ಬಿಡುವುದಂತೂ ಖಂಡಿತ ಬೇಡ. ಬೇಕಾದದ್ದು ಸಮತಟ್ಟಾದ ಜಾಗ. ಎರಡಕ್ಕೆ ಕಡಿಮೆಯೆಂದರೂ 120 ಸೆಂಟಿಮೀಟರ್ ಉದ್ದ, 60 ಅಗಲ, ಇದಕ್ಕಿಂತ ಜಾಸ್ತಿಯಾದಷ್ಟೂ ಒಳ್ಳೆಯದು. ತಂತಿ ಜಾಲರಿಯ ನೆಲ ಇದ್ದರೆ ಪಾದದಲ್ಲಿ ಹುಣ್ಣಾಗುತ್ತದೆ. ಪ್ರತಿಯೊಂದಕ್ಕೂ ಅಡಗಿಕೊಳ್ಳಲು ಎರಡು ಬಾಗಿಲಿನ ಒಂದು ಗೂಡು ಕೊಡಿ, ಒಂದೇ ಬಾಗಿಲಿದ್ದರೆ ಒಳಗಿದ್ದದ್ದು ಸಿಕ್ಕಿಬೀಳುತ್ತದೆ. ರಟ್ಟಿನ ಪೆಟ್ಟಿಗೆಯೇ ಸಾಕು.

ಪ್ರಶ್ನೆ: ಉದ್ದ ಕೂದಲಿನದು. ವಾರಕ್ಕೆ ಎಷ್ಟು ಸಲ ಸ್ನಾನ?

ಉತ್ತರ: ವಾರಕ್ಕೆ ಸ್ನಾನವೇ ಬೇಡ. ಪೆರೂವಿಯನ್ ತಳಿಯಂಥ ಉದ್ದ ಕೂದಲಿನವಕ್ಕೆ ದಿನಾ ಬಾಚಬೇಕು, ಹಿಂಭಾಗದ ಕೂದಲನ್ನು ನೆಲಕ್ಕೆ ತಾಗದಂತೆ ಕತ್ತರಿಸಬೇಕು. ಮೈ ತೀರಾ ಕೊಳೆಯಾದಾಗ ಮಾತ್ರ ಬೆಚ್ಚಗಿನ ನೀರಿನಲ್ಲಿ ಬೇಗ ತೊಳೆದು, ಪೂರ್ತಿ ಒಣಗಿಸಿ.

ಪ್ರಶ್ನೆ: ಬಿಸಿಲಲ್ಲಿ ಆಡಲಿ ಅಂತ ಬಾಲ್ಕನಿಯಲ್ಲಿ ಬಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ಕಾಲು ಚಾಚಿ ಮಲಗಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಒಳಗೆ ತಂದ ಮೇಲೆ ಸುಧಾರಿಸಿತು. ಬಿಸಿಲು ಅಷ್ಟು ಅಪಾಯವೇ?

ಉತ್ತರ: ಹೌದು, ಸ್ವಲ್ಪದರಲ್ಲಿ ಉಳಿದಿದೆ. ಇದರ ಪೂರ್ವಿಕರು ತಣ್ಣಗಿನ ಬೆಟ್ಟದವು. ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಅವಕ್ಕೆ ಬರುವುದಿಲ್ಲ. 18ರಿಂದ 24 ಡಿಗ್ರಿ ಹಿತ. 27 ದಾಟಿದರೆ ಕಣ್ಣಿಟ್ಟಿರಿ. ಸೆಕೆಯಲ್ಲಿ ಒಳಗೇ ಇಡಿ, ತಣ್ಣೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಒರಗಿಕೊಂಡು ಮಲಗುತ್ತವೆ. ಮತ್ತೆ ಹಾಗಾದರೆ ಒದ್ದೆ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ಡಾಕ್ಟರ ಹತ್ತಿರ ಓಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಪ್ರಶ್ನೆ: ಎರಡೂ ಹೆಣ್ಣು ಅಂತ ಕೊಟ್ಟಿದ್ದರು. ಬೆಳಿಗ್ಗೆ ನೋಡಿದರೆ ಮೂರು ಮರಿ! ಕಣ್ಣು ಬಿಟ್ಟುಕೊಂಡು ಓಡಾಡುತ್ತಿವೆ. ಇವು ನಿಜಕ್ಕೂ ನಿನ್ನೆ ರಾತ್ರಿ ಹುಟ್ಟಿದವಾ?

ಉತ್ತರ: ಹೌದು, ನಿನ್ನೆ ರಾತ್ರಿಯವೇ. ಇಲಿಮರಿ ಕಣ್ಣು ಮುಚ್ಚಿಕೊಂಡು, ಕೂದಲಿಲ್ಲದೆ ಹುಟ್ಟುತ್ತದೆ. ಗಿನಿಪಿಗ್ ಎರಡು ತಿಂಗಳಿಗಿಂತ ಜಾಸ್ತಿ ಹೊಟ್ಟೆಯಲ್ಲಿಟ್ಟುಕೊಂಡು ಪೂರ್ತಿ ತಯಾರಾದ ಮರಿಯನ್ನೇ ಹೆರುತ್ತದೆ. ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಒಂದೆರಡು ದಿನದಲ್ಲೇ ತಾಯಿಯ ಜೊತೆ ಹುಲ್ಲು ಕಡಿಯುತ್ತವೆ. ಬಿಲವಿಲ್ಲದ ಪ್ರಾಣಿ ನೋಡಿ, ಮರಿ ಹುಟ್ಟಿದ ಕೂಡಲೇ ಓಡಲು ಬರಬೇಕು.

ಈಗ ತಡ ಮಾಡದೆ ಮಾಡಬೇಕಾದ ಕೆಲಸ ಇದೆ. ನಿಮ್ಮ "ಎರಡು ಹೆಣ್ಣಿನಲ್ಲಿ" ಒಂದು ಗಂಡಿರಬಹುದು. ಅದನ್ನು ಈ ಕ್ಷಣವೇ ಬೇರೆ ಮಾಡಿ, ಯಾಕೆಂದರೆ ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬಸುರಾಗಬಲ್ಲಳು. ಗಂಡುಮರಿಗಳನ್ನು ಮೂರು ವಾರಕ್ಕೆ ತಾಯಿ, ತಂಗಿಯರಿಂದ ಬೇರೆ ಮಾಡಿ ಗಂಡಿನ ಜೊತೆ ಹಾಕಿ. ಹೆಣ್ಣುಮರಿ ನಾಲ್ಕು ವಾರಕ್ಕೇ ಗರ್ಭ ಧರಿಸಬಲ್ಲದು. ಮುಂದೆ ಬೇಕೆಂದೇ ಮರಿ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಆರೇಳು ತಿಂಗಳು ದಾಟಿದರೂ ಒಮ್ಮೆಯೂ ಹೆರದ ಹೆಣ್ಣಿಗೆ ಸೊಂಟದ ಮೂಳೆಯ ಸಂದು ಬಿಗಿದುಕೊಂಡಿರುತ್ತದೆ, ಆಮೇಲೆ ಬಸುರಾದರೆ ಎಷ್ಟೋ ಸಲ ಹೆರಲಾಗದೆ ತಾಯಿಯೂ ಮರಿಯೂ ಸಾಯುತ್ತವೆ.

ಪ್ರಶ್ನೆ: ನಾಲ್ಕು ವರ್ಷದ ನಮ್ಮ ಗಿನಿಪಿಗ್ ಹೋದ ವಾರ ಸತ್ತುಹೋಯಿತು. ಹಿಂದಿನ ದಿನದವರೆಗೂ ಚೆನ್ನಾಗಿತ್ತು. ಊಟದ ಹೊತ್ತಿಗೆ ಸಿಳ್ಳೆ ಹೊಡೆದು ಬರುತ್ತಿತ್ತು. ಒಂದೇ ರಾತ್ರಿಯಲ್ಲಿ ಹೀಗಾಯಿತು. ಜೊತೆಯಲ್ಲಿದ್ದದ್ದು ಈಗ ಒಂಟಿ. ನಾವು ಎಲ್ಲಿ ತಪ್ಪಿದೆವು?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಪ್ಪು ಅಂತ ಹೇಳಲು ನನಗೆ ಮನಸ್ಸಿಲ್ಲ, ಯಾಕೆಂದರೆ ನನಗೂ ಹೀಗೇ ಆಗಿದೆ.

ನನ್ನ ಮೊದಲ ಗಿನಿಪಿಗ್ ಗುಂಡ. ಕಂದು ಬಿಳಿ ಬಣ್ಣ, ಹಣೆಯ ಮೇಲೊಂದು ಸುಳಿ. ದಿನಾ ಬೆಳಿಗ್ಗೆ ಸೊಪ್ಪು ತಂದರೆ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದ. ಎಲೆ ಬಾಯಿಗೆ ತೆಗೆದುಕೊಳ್ಳುತ್ತಿದ್ದ, ದವಡೆ ಆಡಿಸುತ್ತಿದ್ದ. ತಿನ್ನುತ್ತಿದ್ದಾನೆ ಅಂದುಕೊಂಡು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಭಾನುವಾರ ಸುಮ್ನೆ ಪಕ್ಕದಲ್ಲಿ ಕೂತು ನೋಡಿದಾಗ ಗೊತ್ತಾಯಿತು. ಅಗಿದ ಎಲೆ ಹಾಗೇ ಒದ್ದೆಯಾಗಿ ಬಾಯಿಯ ಬದಿಯಿಂದ ಕೆಳಗೆ ಬೀಳುತ್ತಿತ್ತು. ಅವನು ಅದನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದ, ಮತ್ತೆ ಬೀಳುತ್ತಿತ್ತು. ಹಿಂದಿನ ಹಲ್ಲು ಓರೆಯಾಗಿ ಬೆಳೆದು ನಾಲಿಗೆಯ ಮೇಲೆ ಸೇತುವೆ ಕಟ್ಟಿದಂತೆ ಕೂತಿತ್ತು, ನುಂಗಲು ಆಗುತ್ತಿರಲಿಲ್ಲ. ತಕ್ಕಡಿಯಲ್ಲಿಟ್ಟರೆ 760 ಗ್ರಾಂ. ಎರಡು ತಿಂಗಳ ಹಿಂದೆ 1040 ಇತ್ತು. ಆ ಉದ್ದ ಕೂದಲಿನ ಕೆಳಗೆ ಅಷ್ಟು ಸೊರಗಿದ್ದು ನನ್ನ ಕಣ್ಣಿಗೆ ಕಂಡಿರಲೇ ಇಲ್ಲ. ಹಲ್ಲು ಅರೆಸಿದೆವು, ಆದರೆ ತಡವಾಗಿತ್ತು.

ಬೇಟೆಯಾಗುವ ಪ್ರಾಣಿ ಅಂದೆನಲ್ಲ, ಅದು ಇಲ್ಲಿ ಬಂದು ಮುಟ್ಟುತ್ತದೆ. ಗುಂಪಿನಲ್ಲಿ ಯಾವುದು ಸೋತಂತೆ ಕಾಣುತ್ತದೋ ಅದನ್ನೇ ಬೇಟೆಗಾರ ಹಿಡಿಯುವುದು. ಹಾಗಾಗಿ ಕೊನೆಯ ದಿನದವರೆಗೂ ಅದು ಚೆನ್ನಾಗಿರುವಂತೆ ನಡೆದುಕೊಳ್ಳುತ್ತದೆ. ಹಸಿವನ್ನು ಮನೆಯೆಲ್ಲ ಕೇಳುವ ಹಾಗೆ ಹೇಳುವ ಪ್ರಾಣಿ ನೋವನ್ನು ಒಂಚೂರೂ ಹೇಳುವುದಿಲ್ಲ. ನಿಮ್ಮ ಕಣ್ಣು ತಪ್ಪಿದ್ದಲ್ಲ, ಅದು ನಿಮಗೆ ತೋರಿಸಲಿಲ್ಲ.

ಈಗ ಉಳಿದಿರುವ ಜೀವದ ಮಾತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದನ್ನು ಅದಕ್ಕೆಂದೇ ಇಡಿ, ಮೇಲೊಂದು ಬುಟ್ಟಿ, ಬುಟ್ಟಿಯಲ್ಲಿ ಒಂದು ಹಿಡಿ ಹುಲ್ಲು. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. 20, 30 ಗ್ರಾಂ ಹೆಚ್ಚುಕಮ್ಮಿ ಆಗುತ್ತಿರುತ್ತದೆ. 50 ಇಳಿದರೆ ದಿನಾ ತೂಕ ನೋಡಿ. 100 ಇಳಿದರೆ ಡಾಕ್ಟರು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಇದರ ಕರುಳು ನಿಂತರೆ ಮತ್ತೆ ಓಡಿಸುವುದು ಕಷ್ಟ. ಡಾಕ್ಟರು ಆಂಟಿಬಯಾಟಿಕ್ ಬರೆದರೆ ಹೆಸರು ಕೇಳಿ. ಪೆನಿಸಿಲಿನ್ ಗುಂಪಿನವನ್ನು, ಅಂದರೆ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಥರದವನ್ನು ಬಾಯಿಗೆ ಹಾಕಿದರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಗಿನಿಪಿಗ್ ಕೆಲವೇ ದಿನದಲ್ಲಿ ಸಾಯಬಹುದು. ಬೇರೆ ಪ್ರಾಣಿಗಳಿಗೆ ಒಗ್ಗುವ ಔಷಧಿ ಇದಕ್ಕೆ ವಿಷ. ಸಣ್ಣ ಪ್ರಾಣಿಗಳನ್ನು ನೋಡಿ ರೂಢಿಯಿರುವ ವೈದ್ಯರನ್ನು ಈಗಲೇ, ಆರೋಗ್ಯವಾಗಿರುವಾಗಲೇ ಹುಡುಕಿಟ್ಟುಕೊಳ್ಳಿ.

ಜೊತೆ ಕಳೆದುಕೊಂಡದ್ದು ಕೆಲವು ದಿನ ಊಟ ಕಡಿಮೆ ಮಾಡಬಹುದು. ಹಳೆಯ ಗೂಡು, ಹಾಸಿದ್ದ ಬಟ್ಟೆ ತಕ್ಷಣ ತೊಳೆಯಬೇಡಿ, ಆ ವಾಸನೆ ಸ್ವಲ್ಪ ದಿನ ಇರಲಿ. ಆದರೆ ಸತ್ತದ್ದಕ್ಕೆ ಅಂಟುಜಾಡ್ಯ ಇತ್ತೇನೋ ಅಂತ ಡಾಕ್ಟರಿಗೆ ಅನುಮಾನ ಇದ್ದರೆ ಎಲ್ಲ ತೊಳೆಯಲೇಬೇಕು. ಹಾಗೇ ಎರಡು ಮೂರು ವಾರ ಉಳಿದದ್ದರ ಆರೋಗ್ಯ ನೋಡಿಕೊಂಡು ಆಮೇಲೆ ಅದರ ವಯಸ್ಸಿಗೆ ಒಪ್ಪುವ, ಬಿಟ್ಟುಹೋದ ಪ್ರಾಣಿಗಳನ್ನು ನೋಡಿಕೊಳ್ಳುವವರ ಹತ್ತಿರ ಇರುವ ಒಂದನ್ನು ಜೊತೆ ಮಾಡಿ. ಅಲ್ಲಿಯವರೆಗೆ ಸಂಜೆ ಅದರ ಪಕ್ಕ ನೆಲದ ಮೇಲೆ ಕೂತುಕೊಳ್ಳಿ. ಕೂತಾಗ ಸಿಳ್ಳೆ ಹೊಡೆಯುತ್ತದೋ ಇಲ್ಲವೋ ಅನ್ನುವುದಕ್ಕಿಂತ ಕೊಟ್ಟ ಎಲೆ ಪೂರ್ತಿ ಒಳಗೆ ಹೋಯಿತಾ ಅಂತ ನೋಡಿ. ಮೊದಲ ತೂಕ ಇವತ್ತೇ ನೋಡಿ, ಬರೆದಿಡಿ.